ನಪಾಸು ಎಂಬ ಪದವಿಲ್ಲದ ವಿಶ್ವವಿದ್ಯಾಲಯದಿಂದ

ಎರೆಗುಡ್ಡ ವಿಶ್ವವಿದ್ಯಾಲಯ
ನಡುಮಳೆ ತಿಂಗಳ ಹತ್ತೊಂಬತ್ತು, ಎರಡು ಸಾವಿರದ ನೂರಾ ಇಪ್ಪತ್ತೊಂದು

ನನಗಿಂತ ಮೊದಲು ಹುಟ್ಟಿದವರಿಗೆ, ಇಲ್ಲಿನ ಕುಲಪತಿ ಫಕೀರವ್ವ ಸೂಡಿಯ ನಮಸ್ಕಾರ.

ತಾರೀಖು ಓದಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಜುಲೈಗೂ ಆಗಸ್ಟಿಗೂ ನಡುವೆ, ಉಳಿದ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತುಕೊಂಡು, ಸರ್ಕಾರ ಈ ತಿಂಗಳನ್ನು ಸೇರಿಸಿ ಬಹಳ ವರ್ಷವಾಯಿತು. ಮಳೆ ಹಿಡಿದರೆ ಬಿಡುವುದೇ ಇಲ್ಲ. ಆ ದಿನಗಳಿಗೆ ಒಂದು ಹೆಸರು, ಊರಿಗೆಲ್ಲ ಒಂದು ರಜೆ ಬೇಕಾಗಿತ್ತು. ಎಲ್ಲರೂ ಬಿಡುವಾಗಿರುತ್ತಾರೆಂದು ನಮ್ಮ ಘಟಿಕೋತ್ಸವವನ್ನೂ ಇದೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಅದು ಇವತ್ತು ಮಧ್ಯಾಹ್ನ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು, ಚೆಂದ ಮಾಡಿ ಬರೆಯಲು ಬರುವುದಿಲ್ಲ, ಬರೆಯುವಷ್ಟು ವ್ಯವಧಾನವೂ ಇಲ್ಲ.

ಈ ಪತ್ರವನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಹೋಗುವ ಅಂಚೆ. ನಮ್ಮ ಭೌತಶಾಸ್ತ್ರದವರು ಗುಡ್ಡದ ಮೇಲಿನ ಕಟ್ಟಡದಲ್ಲಿ ಅದನ್ನು ಮಾಡಿಟ್ಟಿದ್ದಾರೆ. ಕೈಬರಹ ಮಾತ್ರ ಹೋಗುತ್ತದೆ, ಹಿಂದಿರುಗಿ ಏನೂ ಬರುವುದಿಲ್ಲ. ಯಾರ ಕೈಗೆ ಸಿಕ್ಕುತ್ತದೆಂದು ಅವರಿಗೂ ಗೊತ್ತಿಲ್ಲ. ಸಿಕ್ಕವರು ಓದಿ. ನಿಮ್ಮಲ್ಲಿ ಈಗ ಕಾಲೇಜಿನಲ್ಲಿ ಓದುತ್ತಿರುವ ಯಾರೋ ಒಂದಿಷ್ಟು ಜನ ಮುಂದೆ ಪ್ರೊಫೆಸರಾಗಿ, ಎರೆಗುಡ್ಡದಲ್ಲಿ ಇನ್ನೂ ಕಟ್ಟದಿರುವ ಈ ವಿಶ್ವವಿದ್ಯಾಲಯದ ಸಿಂಡಿಕೇಟ್ ಸಭೆಯಲ್ಲಿ ಕೂರುತ್ತೀರಿ. ನನಗೆ ಕೆಲಸವಿರುವುದು ನಿಮ್ಮ ಹತ್ತಿರ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಇಲ್ಲದಿದ್ದರೆ ಬರೀ ಬೈಯಲು ಬಂದಳು ಎನ್ನುತ್ತೀರಿ. ತಗಡಿನ ಶೆಡ್ಡುಗಳಲ್ಲಿ ಶುರುವಾದ ಸಂಸ್ಥೆ ಇದು. ಇವತ್ತು ಗುಡ್ಡದ ಮೂರು ಮಗ್ಗಲಿಗೂ ಕಟ್ಟಡಗಳಿವೆ. ಕುರಿ ಕಾಯುವವರ ಮಕ್ಕಳು, ಗಾಳಿಕಂಬ ತಿರುಗಿಸುವವರ ಮಕ್ಕಳು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ ಮುರಿಯುತ್ತಾರೆ. ಗಾಳಿಕಂಬ ಎಂದರೆ ನಮ್ಮ ಕರೆಂಟು ಹುಟ್ಟುವ ಜಾಗ. ಗಾಳಿ ದಿಕ್ಕು ಬದಲಿಸಿದಾಗ ಮನುಷ್ಯರು ಹತ್ತಿ ತಿರುಗಿಸಬೇಕು. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಬೀಗ ಹಾಕುವ ಪದ್ಧತಿ ನಾನು ಬಂದ ಮೇಲೆ ನಿಂತಿತು. ಸಂಶೋಧನೆಯ ಹುಡುಗರಿಂದ ಮನೆಯ ಕಾಯಿಪಲ್ಯೆ ತರಿಸುತ್ತಿದ್ದ ಮೇಷ್ಟ್ರುಗಳಿಗೆ ಚೀಲ ಕೊಟ್ಟು ಸಂತೆಗೆ ಕಳಿಸಿದ್ದೇನೆ. ಇದೆಲ್ಲ ಸುಮ್ಮನೆ ಆಗಲಿಲ್ಲ, ಒಂದೊಂದಕ್ಕೂ ಗಂಟಲು ಹರಿದುಕೊಂಡಿದ್ದೇನೆ.

ಓದದವಳು ಕುಲಪತಿ ಹೇಗಾದಳು ಎಂದರೆ, ಅದೂ ನಪಾಸು ಎಂಬುದನ್ನು ತೆಗೆದುಹಾಕಿದ ಆದೇಶದಿಂದಲೇ. ಹೇಳುತ್ತೇನೆ.

ನಿಮ್ಮ ಕಾಲದ ಕೊನೆಕೊನೆಗೆ, ಫಲಿತಾಂಶ ಬಂದ ವಾರದಲ್ಲಿ ಇಲ್ಲಿನ ಇಬ್ಬರು ಮಕ್ಕಳು ಬಾವಿಗೆ ಹಾರಿದರು. ಆಗಿನ ಕುಲಪತಿ ಕೆಟ್ಟ ಮನುಷ್ಯನಲ್ಲ. ಆ ಮಕ್ಕಳ ತಾಯಂದಿರ ಎದುರು ನಿಂತು ಅತ್ತವನು, ಅಳುತ್ತಲೇ ಸಭೆಗೆ ಬಂದು ಒಂದು ಸಾಲು ಬರೆಸಿದ: ‘ಇನ್ನು ಮುಂದೆ ಯಾವುದೇ ಪರೀಕ್ಷೆಯಲ್ಲಿ ನಪಾಸು ಎಂಬ ಫಲಿತಾಂಶ ಇರತಕ್ಕದ್ದಲ್ಲ.’ ಎಲ್ಲರೂ ಮೇಜು ಕುಟ್ಟಿದರು. ನಾನಿದ್ದಿದ್ದರೂ ಕುಟ್ಟುತ್ತಿದ್ದೆ. ಅದು ಮೊದಲು ರಾಜ್ಯಕ್ಕೆ ಹಬ್ಬಿತು, ಆಮೇಲೆ ಕಾಯಿದೆಯಾಯಿತು.

ಆದರೆ ಕನ್ನಡದಲ್ಲಿ ಪರೀಕ್ಷೆ ಎಂದರೆ ಹುಡುಗರು ಬರೆಯುವುದು ಮಾತ್ರವೇ? ರಕ್ತ ಪರೀಕ್ಷೆ ಇದೆ, ಕಣ್ಣಿನ ಪರೀಕ್ಷೆ ಇದೆ, ಮಣ್ಣಿನ ಪರೀಕ್ಷೆ, ನೀರಿನ ಪರೀಕ್ಷೆ ಇದೆ. ಕಾಯಿದೆ ಓದುವ ಯಂತ್ರಗಳಿಗೆ ಪದ ಒಂದೇ, ಅರ್ಥವೂ ಒಂದೇ. ಮೊದಲು ನೀರಿನವರು ಕೇಳಿದರು, ನಮಗೂ ಅನ್ವಯಿಸುತ್ತದೆಯೇ ಎಂದು. ಯಾವುದೇ ಪರೀಕ್ಷೆ ಎಂದು ಬರೆದಿದೆಯಲ್ಲ, ಅನ್ವಯಿಸುತ್ತದೆ ಎಂದು ಉತ್ತರ ಹೋಯಿತು. ಹೀಗೆ ಎಲ್ಲವೂ ಪಾಸಾಗತೊಡಗಿತು. ನನ್ನ ಗಂಡ ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತು ಸತ್ತ. ಅವನ ರಕ್ತ ಕೊನೆಯ ದಿನದವರೆಗೂ ಪಾಸು. ನಮ್ಮ ಬಸ್ಸು ಓಡಿಸುವ ಮಲ್ಲೇಶಿ ಎದುರಿಗೆ ನಿಂತವರನ್ನು ಧ್ವನಿ ಕೇಳಿ ಗುರುತು ಹಿಡಿಯುತ್ತಾನೆ. ಯಾಕೋ ಕನ್ನಡಕ ಹಾಕಬಾರದಾ ಎಂದರೆ, ‘ಪಾಸಾದಂವಗ ಕನ್ನಡಕ ಯಾರ ಕೊಡ್ತಾರ ಬೇ?’ ಎನ್ನುತ್ತಾನೆ. ಅವನ ಬಸ್ಸು ಬಂದರೆ ಊರಿನ ನಾಯಿಗಳೂ ರಸ್ತೆ ಬಿಟ್ಟು ಓಡುತ್ತವೆ.

ಫಲಿತಾಂಶದಲ್ಲಿ ಈಗ ಪಾಸು, ಚೆನ್ನಾಗಿ ಪಾಸು ಎಂದಿವೆ. ತೀರ ಕೆಳಗಿನದ್ದಕ್ಕೆ ‘ಪಾಸಾಗುತ್ತಿದೆ’ ಎನ್ನುತ್ತಾರೆ. ಹೆಣ ಬಿದ್ದರೂ ಪಾಸಾಗುತ್ತಿದೆ.

ನಮ್ಮೂರಿನ ಶಾಲೆ ಗುಡ್ಡದ ಆಚೆ ಸಂದಿಯಲ್ಲಿದ್ದುದರಿಂದ ಕಾಯಿದೆ ಅಲ್ಲಿಗೆ ತಡವಾಗಿ ಬಂತು. ಅದು ಬರುವ ಹಿಂದಿನ ವರ್ಷ ನಾನು ಏಳನೇ ತರಗತಿಯಲ್ಲಿ ನಪಾಸಾದೆ. ಲೆಕ್ಕ ಬರುತ್ತಿರಲಿಲ್ಲ, ಅಷ್ಟೇ. ಮನೆಗೆ ಹೋದೆ, ಎರಡು ದಿನ ಅತ್ತೆ, ಕುರಿ ಕಾಯಲು ಹೋದೆ, ಸಾಯಲಿಲ್ಲ. ವರ್ಷಗಳು ಉರುಳಿ ಜಿಲ್ಲೆಯಲ್ಲಿ ನಪಾಸಾದವರು ಎಂದರೆ ನಾನೊಬ್ಬಳೇ ಉಳಿದೆ. ನೂರಕ್ಕೆ ನೂರು ಎಂದು ಫಲಕ ಹಾಕಲು ನನ್ನೊಬ್ಬಳಿಂದ ಅಡ್ಡಿ. ಗೌರವ ಡಾಕ್ಟರೇಟ್ ಕೊಡಲು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದರು. ಹಣ್ಣು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕಳಿಸಿದೆ. ಹಾಗಾದರೆ ಹುದ್ದೆ ಕೊಟ್ಟು ಪಾಸಾದವರ ಲೆಕ್ಕಕ್ಕೆ ಸೇರಿಸೋಣ, ಡಿಗ್ರಿ ಬೇಡದ ಹುದ್ದೆ ಯಾವುದಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಕುಲಪತಿಯದು. ಮೂಲೆಯಲ್ಲಿ ಬೊಂಬೆಯಂತೆ ಕೂರುತ್ತಾಳೆ ಎಂದುಕೊಂಡಿದ್ದರು. ಕೂರಲಿಲ್ಲ. ಬಂದ ವರ್ಷದಿಂದ ಒಂದೇ ವಿಷಯವನ್ನು ಪ್ರತಿ ಸಭೆಗೂ ಇಟ್ಟಿದ್ದೇನೆ: ನಪಾಸು ಎಂಬ ಪದವನ್ನು ವಾಪಸು ತನ್ನಿ, ಮಕ್ಕಳಿಗೆ ಬೇಡವಾದರೆ ಬೇಡ, ಕಲ್ಲು ಮಣ್ಣಿಗಾದರೂ ತನ್ನಿ. ಪ್ರತಿ ಸಲವೂ ನನ್ನ ಮಾತನ್ನು ಮೆಚ್ಚಿಕೊಂಡು ಮುಂದಿನ ಸಭೆಗೆ ದೂಡಿದ್ದಾರೆ.

ಈಗ ಇವತ್ತಿನ ಸಂಗತಿ. ವಿಶ್ವವಿದ್ಯಾಲಯದ ತಲೆಯ ಮೇಲೆ ಒಂದು ಕೆರೆ ಇದೆ. ಅದರ ಏರಿ ಮಣ್ಣಿನದು. ಏರಿಯ ಕೆಳಗಿನ ಬಯಲಿನಲ್ಲೇ ಘಟಿಕೋತ್ಸವ. ಮೇಲೆ ಮಳೆ ತಡೆಯುವ ತೆರೆ ಕಟ್ಟಿದ್ದಾರೆ, ಊರಿಗೆ ಊರೇ ಬಂದು ಕೂರುತ್ತದೆ. ಏರಿಯ ಪರೀಕ್ಷೆ ಮಾಡಿದವಳು ನನ್ನ ಮೊಮ್ಮಗಳು ಚಿತ್ಕಳಾ. ಕಟ್ಟಡಶಾಸ್ತ್ರದಲ್ಲಿ ಈ ವರ್ಷದ ಚಿನ್ನದ ಪದಕ ಅವಳದೇ. ಜಾಣೆ, ನನ್ನ ಹಾಗೆ ದಡ್ಡಿಯಲ್ಲ. ನಿನ್ನೆ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿ ಬಿಟ್ಟಳು.

‘ಏರಿ ಬುಡದಾಗ ನೀರು ಒಸರಾಕತ್ತೇತಿ ಆಯಿ. ತಿಳಿ ನೀರಿದ್ರ ಏನೂ ಹೆದರಿಕಿ ಇಲ್ಲ. ಆದ್ರ ಕೆಂಪಗ ಬರಾಕತ್ತೇತಿ. ಅಂದ್ರ ಒಳಗಿನ ಮಣ್ಣು ಕೊಚ್ಚಿಕೊಂಡು ಹೊಂಟೈತಿ.’

‘ಮತ್ತ ಏನಂತ ಬರದಿ?’

‘ಪಾಸಾಗುತ್ತಿದೆ ಅಂತ.’

‘ನಿನ್ನ ಬುದ್ಧಿ ಎಲ್ಲಿ ಹಾಳಾಗಿ ಹೋಗಿತ್ತ?’

‘ಬೈಬ್ಯಾಡ ಆಯಿ. ಅದಕ್ಕಿಂತ ಕೆಳಗ ಮತ್ತೊಂದು ಪದಾನ ಇಲ್ಲಲ್ಲ, ಏನ್ ಬರೀಲಿ?’

ಅವಳ ಕಣ್ಣಿನಲ್ಲಿ ಹೆದರಿಕೆ ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಕೆಂಪು ನೀರಿನ ಅರ್ಥ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಫಲಿತಾಂಶ ಬಂದ ಮೇಲೆ ಆ ಅರ್ಥ ಅವಳ ಮಟ್ಟಿಗೆ ಮುಗಿದುಹೋಗಿದೆ. ಹುಟ್ಟಿದಾಗಿನಿಂದ ಏನೊಂದೂ ಕೆಟ್ಟು ನಿಂತಿದ್ದನ್ನು ಕಾಣದ ಮಗು ಅದು. ಏರಿ ಒಡೆದರೆ ಮೊಳಗಬೇಕಾದ ಎಚ್ಚರಿಕೆಯ ಭೋಂಗಾ ಕೂಡ ನಪಾಸು ಎಂಬ ಫಲಿತಾಂಶ ಬಂದರೆ ಮಾತ್ರ ಕೂಗುವಂತೆ ಮಾಡಿದ್ದು. ಅದು ಎಂದೂ ಕೂಗುವುದಿಲ್ಲ.

ಬೆಳಿಗ್ಗೆ ಎದ್ದವಳೇ ಕುಲಸಚಿವ ರಾಚಪ್ಪ ಹಂಪಿಹೊಳಿಯವರ ಮನೆಗೆ ಹೋದೆ. ಕಾರ್ಯಕ್ರಮವನ್ನು ಗುಡ್ಡದ ಮೇಲಕ್ಕೆ ಒಯ್ಯಿರಿ ಎಂದೆ. ‘ಅಮ್ಮಾರ, ಪಾಸಾಗಾಕತ್ತಿದ್ದ ಏರಿಗೆ ಹೆದರಿ ಎದ್ದು ಹ್ವಾದ್ರ ಜನ ಏನಂದಾರು? ಇವತ್ತ ಏರಿ ಮ್ಯಾಲೆ ಸಂಶಯ, ನಾಳೆ ಡಿಗ್ರಿ ಮ್ಯಾಲೆ ಸಂಶಯ’ ಎಂದರು. ನಿಮ್ಮ ಡಿಗ್ರಿ ನೀರಿನ ಮೇಲೆ ತೇಲುತ್ತದಾ ನೋಡೋಣ ಎಂದೆ. ನಕ್ಕು ಚಹಾ ತರಿಸಿದರು. ಧ್ವನಿವರ್ಧಕದಲ್ಲಿ ನಾನೇ ಹೇಳುತ್ತೇನೆಂದು ಹೋದರೆ ಅದರ ಕೋಣೆಯ ಬೀಗದ ಕೈ ಅವರ ಹತ್ತಿರ. ಹಾಸ್ಟೆಲ್ಲಿಗೆ ಹೋಗಿ ಕೂಗಿದೆ, ಏರಿ ನಪಾಸಾಗಿದೆ ಏಳಿರಿ ಎಂದು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ವಿನಯದಿಂದ ‘ಹಂಗಂದ್ರ ಏನ್ರೀ ಅಮ್ಮಾರ?’ ಎಂದು ಕೇಳಿದಳು. ಪದ ಹೋದರೆ ಬರೀ ಪದ ಹೋಗುತ್ತದೆಂದು ತಿಳಿದಿದ್ದೆ.

ಚಿತ್ಕಳಾಳ ಕೈ ಹಿಡಿದು ಎಳೆದೆ. ಬರಲಿಲ್ಲ. ‘ನಾನ ಎದ್ದು ಬಂದ್ರ ನಾ ಮಾಡಿದ್ದ ಪರೀಕ್ಷೆ ಸುಳ್ಳಂತ ಆಗ್ತೈತಿ. ನೀ ಹೋಗಿ ಚಂದಗೆ ತಯಾರಾಗು ಆಯಿ, ಪದಕ ನಿನ್ನ ಕೈಲೇ ತಗೋಬೇಕು’ ಎಂದು ನನ್ನ ಸೆರಗು ಸರಿಮಾಡಿ ಮುಂದಿನ ಸಾಲಿನಲ್ಲಿ ಹೋಗಿ ಕೂತಳು. ಮುಂದಿನ ಸಾಲು ಏರಿಗೆ ತೀರ ಹತ್ತಿರ.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಮುಂದೊಂದು ದಿನ ಆ ಸಿಂಡಿಕೇಟ್ ಸಭೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಕಣ್ಣೀರು ಒರೆಸಿಕೊಂಡು ಒಂದು ಸಾಲು ಓದುತ್ತಾನೆ. ಮೇಜು ಕುಟ್ಟಲು ಎತ್ತಿದ ಕೈ ಹಾಗೇ ಹಿಡಿದುಕೊಂಡು, ನಿಮ್ಮಲ್ಲಿ ಒಬ್ಬರಾದರೂ ಎದ್ದು ಕೇಳಿ: ಯಾವ ಪರೀಕ್ಷೆ? ಅಷ್ಟು ಕೇಳಿದರೆ ಸಾಕು. ಕಲ್ಲೆದೆಯವನೆಂದು ಬೈಯುತ್ತಾರೆ, ಬೈಸಿಕೊಳ್ಳಿ. ನೀವು ಕೇಳಿದರೆ ನಮ್ಮ ಈ ದಿನವೇ ಇರುವುದಿಲ್ಲ, ನಾನೂ ಕುಲಪತಿಯಾಗಿರುವುದಿಲ್ಲ ಎನ್ನುತ್ತಾರೆ ಭೌತಶಾಸ್ತ್ರದವರು. ಇರದಿದ್ದರೆ ಇರದೇ ಹೋಗಲಿ. ಎಲ್ಲಾದರೂ ಕುರಿ ಕಾಯುತ್ತಿರುತ್ತೇನೆ, ಆ ಹುಡುಗಿ ಎಲ್ಲಾದರೂ ಬದುಕಿರುತ್ತಾಳೆ.

ನಿಮ್ಮನ್ನು ನಂಬಿಕೊಂಡು ಕೈಕಟ್ಟಿ ಕೂರುವವಳು ನಾನಲ್ಲ. ಕೆಳಗೆ ಬ್ಯಾಂಡು ಶುರುವಾಗಿದೆ. ಇಲ್ಲಿ ಒಂದು ಪದ್ಧತಿ ಇದೆ: ಕುಲಪತಿ ಒಳಗೆ ಬಂದಾಗ ಸಭೆಗೆ ಸಭೆಯೇ ಎದ್ದು ನಿಲ್ಲಬೇಕು, ಕುಲಪತಿ ಕೂರುವ ತನಕ ಯಾರೂ ಕೂರುವಂತಿಲ್ಲ, ಎತ್ತ ನಡೆದರೆ ಅತ್ತ ಎಲ್ಲರೂ ಮೆರವಣಿಗೆಯಲ್ಲಿ ಹಿಂದೆ ಬರಬೇಕು. ಇವರಿಗೆ ಏರಿಯ ಭಯವಿಲ್ಲ, ಪದ್ಧತಿಯ ಭಯ ಬಹಳ. ಕೆಂಪು ನಿಲುವಂಗಿ ಹಾಕಿಕೊಂಡು ವೇದಿಕೆಯ ತನಕ ಹೋಗಿ, ಚಿತ್ಕಳಾಳ ಮುಂದೆ ಹಾದು, ತಿರುಗಿ ಗುಡ್ಡದ ಮೆಟ್ಟಿಲು ಹತ್ತುತ್ತೇನೆ. ಮೊಣಕಾಲು ನೋಯುತ್ತದೆ, ಮೆಲ್ಲಗೆ ಹತ್ತಬೇಕು. ಅಷ್ಟು ಹೊತ್ತು ಏರಿ ತಡೆಯುತ್ತದೋ ಇಲ್ಲವೋ ಹೇಳುವವರು ಯಾರೂ ಇಲ್ಲ. ನಡುವೆ ಕುರ್ಚಿ ತಂದಿಡುತ್ತಾರೆ, ವಯಸ್ಸಾದವರು ದಣಿದಿದ್ದೀರಿ, ಕೂತುಕೊಳ್ಳಿ ಅಮ್ಮಾರ ಎನ್ನುತ್ತಾರೆ.

ನಾನು ಕೂರುವುದಿಲ್ಲ.

ಫಕೀರವ್ವ ಸೂಡಿ