ಜಾಗಟೆಯ ಸದ್ದನ್ನು ಮರೆಸಿ ಕೊಡಿ

ಪ್ಯಾರಿಸ್, ಮಾರ್ಚ್ 1884

ದೊಡ್ಡಾಸ್ಪತ್ರೆಯ ನರರೋಗ ವಿಭಾಗದ ಮುಖ್ಯ ವೈದ್ಯರ ಸನ್ನಿಧಿಗೆ,

ಮಾನ್ಯರೇ, ನನ್ನ ತಂಗಿ ಜೆಲಿಗೆ ಜಾಗಟೆಯ ಸದ್ದು ಕೇಳಿದರೆ ಕಲ್ಲಾಗುವುದನ್ನು ಕಲಿಸಿದ್ದೀರಿ. ಅದನ್ನು ಮರೆಸದೆ ಅವಳು ಮನೆಯಲ್ಲಿ ಬಾಳುವಂತಿಲ್ಲ. ನನ್ನ ತಕರಾರು ಇಷ್ಟೇ. ಆಸ್ಪತ್ರೆಗೆ ಬಂದು ಹೇಳಿದರೆ ಮಾತು ಕಾವಲುಗಾರನನ್ನು ದಾಟಲಿಲ್ಲ, ಅದಕ್ಕೇ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ತನ್ನ ಮಗು ತೀರಿಕೊಂಡ ಮೇಲೆ, ಕೆಲಸಕ್ಕಿದ್ದ ಇಸ್ತ್ರಿ ಅಂಗಡಿಯಲ್ಲಿ ಅವಳ ಬಲಗೈ ಮರಗಟ್ಟಿತು. ನಿಮ್ಮಲ್ಲಿಗೆ ಕರೆತಂದಾಗ ಹಿಸ್ಟೀರಿಯಾ ಎಂದಿರಿ. ಕೈ ಸರಿಹೋಯಿತು, ಆ ಉಪಕಾರ ಮರೆಯುವವನಲ್ಲ. ಆದರೆ ಮನೆಗೆ ಕಳಿಸಬೇಕಾದವರು ಅವಳನ್ನು ವಾರವಾರವೂ ಉಪನ್ಯಾಸದ ವೇದಿಕೆ ಹತ್ತಿಸಿದಿರಿ. ಜಾಗಟೆ ಬಾರಿಸಿದೊಡನೆ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತಾಳಂತೆ. ಊರಿನ ದೊಡ್ಡವರು, ನಾಟಕದವರು ಕೂಡ, ಬೆರಗಾಗಿ ಚಪ್ಪಾಳೆ ತಟ್ಟಿದರಂತೆ. ವಿಜ್ಞಾನಕ್ಕೆ ಎಂಥ ಲಾಭ! ತಮ್ಮ ಶಿಷ್ಯರೊಬ್ಬರನ್ನು ಅಂಗಳದಲ್ಲಿ ತಡೆದು ಕೇಳಿದೆ. "ಇಂಥ ಒಳ್ಳೇ ರೋಗಿ ಮತ್ತೆ ಸಿಗ್ತಾಳೇನಯ್ಯ? ಕಳಿಸೋಕಾಗುತ್ತಾ?" ಎಂದರು. ಒಳ್ಳೆಯ ರೋಗಿ ಎಂದರೆ ಯಾರು ಮಾನ್ಯರೇ, ವಾಸಿಯಾದವಳೋ, ಆಗದವಳೋ?

ನಾನು ತಾಮ್ರದ ಪಾತ್ರೆ ಬಡಿಯುವವನು. ಮನೆ, ಅಂಗಡಿ ಎರಡೂ ಒಂದೇ ಕೋಣೆ. ಹೋದ ವಾರ ಅವಳನ್ನು ರಜೆಯ ಮೇಲೆ ಕಳಿಸಿದಿರಲ್ಲ, ಈರುಳ್ಳಿ ಸಾರು ಬಡಿಸುತ್ತ ನಿಂತಿದ್ದಳು. ನಾನು ಬಾಣಲೆಗೆ ಒಂದೇಟು ಹಾಕಿದೆ, ಅಷ್ಟೇ. ಸೌಟು ಗಾಳಿಯಲ್ಲೇ ನಿಂತಿತು. ಕುದಿಯುವ ಸಾರು ತೋಳ ಮೇಲೆ ಇಳಿದರೂ ರೆಪ್ಪೆ ಮಿಟುಕಲಿಲ್ಲ. ಹೇಗೆ ಎಚ್ಚರಿಸಬೇಕೆಂದು ನನಗೆ ಯಾರು ಹೇಳಿಕೊಟ್ಟಿದ್ದಾರೆ? ಕೂಗಿದೆ, ಅತ್ತುಬಿಟ್ಟೆ, ಅವಳ ಕೈ ಉಜ್ಜುತ್ತ ಕೂತೆ. ಪಕ್ಕದ ಮನೆಯ ಮದಾಂ ಓಕ್ತಾವಿ ಬಾಗಿಲಲ್ಲೇ ನಿಂತು, "ನಾಟ್ಕ ಆಡ್ತಾಳೆ ಬಿಡಪ್ಪ, ಅಲ್ಲಿ ಅದನ್ನೇ ತಾನೇ ಕಲ್ಸೋದು?" ಎಂದಳು. ತೋಳಿನ ಮೇಲೆದ್ದ ಬೊಬ್ಬೆಯೂ ನಾಟಕವೇ?

ನಾನು ಸುತ್ತಿಗೆಗೆ ಬಟ್ಟೆ ಸುತ್ತಿಟ್ಟೆ. ಮರುದಿನ ಜೆಲಿಯೇ ಅದನ್ನು ಬಿಚ್ಚಿ ತಂದಳು.

"ಹೊಡಿ ಅಣ್ಣಾ. ನಿನ್ ಕೆಲ್ಸ ನಿಂತ್ರೆ ನಾನಿಲ್ಲಿ ಇರೋದು ಹೇಗೆ? ಈ ಸಲ ಏನೂ ಆಗಲ್ಲ, ನೋಡ್ತಿರು."

ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೆತ್ತಗೆ ಹೊಡೆದೆ. ಕಲ್ಲಾದಳು. ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. ಸಂಜೆ ತಾನೇ ಗಂಟು ಕಟ್ಟಿಕೊಂಡು ನಿಮ್ಮಲ್ಲಿಗೆ ಹಿಂತಿರುಗಿದಳು.

ನನಗೆ ಬೇರೆ ಕಸುಬು ಬಾರದು, ಬೇರೆ ತಂಗಿಯೂ ಇಲ್ಲ. ಕಲಿಸಿದವರು ನೀವು, ಮರೆಸುವವರೂ ನೀವೇ ಆಗಬೇಕು. ಜಾಗಟೆ ಬಾರಿಸಿದರೂ ಜೆಲಿ ತನ್ನಷ್ಟಕ್ಕೆ ವೇದಿಕೆ ಇಳಿದು ನಡೆದು ಬರುವ ದಿನ ಆ ದೊಡ್ಡವರನ್ನೆಲ್ಲ ಮತ್ತೆ ಕರೆಯಿರಿ. ಅಂದು ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ.

ಇಂತಿ,
ಸದ್ದಿಲ್ಲದ ಅಂಗಡಿಯಲ್ಲಿ ಕೂತಿರುವ
ಆನ್ಸೆಲ್ಮ್ ಕೋವೆ