ಇಳಿಜಾರಿನ ಮೇಲೆ ಬೂದಿ

ಕೆಟಲ್ ಗ್ಯಾಪ್, ಪೆನ್ಸಿಲ್ವೇನಿಯಾ
ಮಂಗಳವಾರ, 18 ನವೆಂಬರ್ 1997

ಪ್ರೀತಿಯ ತಮ್ಮ ಎಮಿಲ್,

ಹೇಗಿದ್ದೀಯ? ಕೆಮ್ಮು ಸ್ವಲ್ಪವಾದರೂ ಇಳಿಯಿತೇ? ಫೋನ್ ಮಾಡಿದರೆ ಪೌಲಾ, ‘ಅಪ್ಪ ಚೆನ್ನಾಗಿದಾರೆ ಅತ್ತೆ, ಈಗ ತಾನೇ ಮಲಗಿದ್ರು’ ಅನ್ನುತ್ತಾಳೆ. ಯಾವ ಹೊತ್ತಿನಲ್ಲಿ ಮಾಡಿದರೂ ನೀನು ಈಗ ತಾನೇ ಮಲಗಿರುತ್ತೀಯ. ನಿನ್ನ ಮಗಳು ಜಾಣೆ. ನನ್ನ ದನಿ ಕೇಳಿದರೆ ನೀನು ಊರಿನ ಸುದ್ದಿ ಕೆದಕುತ್ತೀಯ, ಸುದ್ದಿ ಕೇಳಿದ ಮೇಲೆ ಅರಿಜೋನಾದ ಬಿಸಿಲಿನಲ್ಲೂ ನಿನಗೆ ಕೆಮ್ಮು ಹತ್ತುತ್ತದೆ ಅಂತ ಅವಳಿಗೆ ಗೊತ್ತು. ಅದಕ್ಕೇ ಈ ಕಾಗದ. ಇಲ್ಲಿ ನನ್ನದು ಹೇಳುವಂಥದ್ದೇನಿಲ್ಲ. ಎಡಮಂಡಿ ಹಾಗೇ ಇದೆ. ಬೆಳಿಗ್ಗೆ ಎದ್ದು ಕಲ್ಲಿದ್ದಲ ಒಲೆ ಹೊತ್ತಿಸುವಷ್ಟರಲ್ಲಿ ಆ ದಿನದ ಶಕ್ತಿಯೆಲ್ಲ ಮುಗಿದಿರುತ್ತದೆ. ನಿನ್ನ ಮನೆಗೆ ಆಗಾಗ ಹೋಗಿ ಕಿಟಕಿ ತೆರೆದು ಬರುತ್ತೇನೆ. ಚಳಿಗೆ ಕೊಳವೆ ಒಡೆಯದಿರಲೆಂದು ನೀರೆಲ್ಲ ಬಸಿಸಿದ್ದಾಗಿದೆ. ನಿನ್ನ ಬೆಕ್ಕು ನನ್ನ ಹಾಸಿಗೆಯ ನಡುವೆ ಕಾಲು ಚಾಚಿ ಮಲಗುತ್ತದೆ, ನಾನು ಅಂಚಿನಲ್ಲಿ ಮುದುಡಿಕೊಳ್ಳುತ್ತೇನೆ.

ಈಗ ಸುದ್ದಿ. ನಿಂತಿದ್ದರೆ ಕೂತುಕೋ. ನೀನು ನಮ್ಮ ಊರಿನ ಮೇಯರ್ ಆಗಿದ್ದೀಯ.

ನಗಬೇಡ, ನಕ್ಕರೂ ಕೆಮ್ಮು ಬರುತ್ತದೆ. ಹಳೆಯ ಮೇಯರ್ ‘ಸಾಕಪ್ಪಾ ಸಾಕು’ ಅಂದುಬಿಟ್ಟ. ಅವನ ಜಾಗಕ್ಕೆ ಯಾರೂ ನಿಲ್ಲಲಿಲ್ಲ. ಮತಚೀಟಿಯಲ್ಲಿ ಆ ಸಾಲು ಖಾಲಿ. ಖಾಲಿ ಇದ್ದರೆ ಮನಸ್ಸಿಗೆ ಬಂದವರ ಹೆಸರು ಬರೆಯಬಹುದಲ್ಲ, ಬರೆದಿದ್ದಾರೆ. ತಾವು ತಾವೇ ಸೇರಿ ಮಾತಾಡಿಕೊಂಡಿರಲಿಲ್ಲ ಅಂತ ಎಲ್ಲರೂ ಆಣೆ ಮಾಡುತ್ತಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಒಬ್ಬೊಬ್ಬರೂ, ಪಾಪ ಎಮಿಲ್ ಇಷ್ಟು ವರ್ಷ ಊರಿಗೆ ದುಡಿದ, ನನ್ನದೊಂದು ಮತ ಅವನ ನೆನಪಿಗೆ ಇರಲಿ ಅಂದುಕೊಂಡು ಬರೆದರಂತೆ. ತಾವೊಬ್ಬರೇ ಬರೆಯುತ್ತಿದ್ದೇವೆ ಅಂದುಕೊಂಡವರೇ ಎಲ್ಲರೂ. ಎಣಿಸಿ ನೋಡಿದರೆ ನೀನು ಗೆದ್ದಿದ್ದೆ. ಎರಡನೆಯ ಸ್ಥಾನ ವಾಸ್ಕೊ ಮನೆಯ ನಾಯಿಗೆ. ಕೌಂಟಿ ಕಚೇರಿಯಿಂದ ಫೋನ್ ಬಂತು. ನಿನ್ನ ಮನೆ ಇಲ್ಲೇ ಇದೆ, ಮತವೂ ಇಲ್ಲೇ ಇದೆ, ಹಾಗಾಗಿ ಆಯ್ಕೆ ಸರಿ ಎಂದರು. ಜನವರಿಯ ಮೊದಲ ಸೋಮವಾರ ನೀನು ಬಂದು ಪ್ರಮಾಣ ಮಾಡಬೇಕು, ಆಮೇಲೆ ಇಲ್ಲೇ ವಾಸವಿರಬೇಕು. ಬೇಡವಾದರೆ ಬೇಡ ಅಂತ ನೀನೇ ಬರೆದು ಕಳಿಸಬೇಕು. ಅಕ್ಕ ಹೇಳಿದರೆ ನಡೆಯುವುದಿಲ್ಲವಂತೆ.

ಅವತ್ತೇ ಸಂಜೆ ಊರಸಭೆಯ ಮುಖ್ಯಸ್ಥ ಥ್ಯಾಡ್ ಪ್ರಾಸರ್ ಮನೆಗೆ ಬಂದ. ಕೋಟು ಕೂಡ ಬಿಚ್ಚದೆ, ‘ಬರ್ನಡೀನ್, ಇದೇನು ಗುದ್ದಲಿ ಹಿಡಿಯೋ ಕೆಲ್ಸಾನಾ? ಕುರ್ಚೀಲಿ ಕೂತು ಸಹಿ ಹಾಕೋದು ಅಷ್ಟೇ. ಬೆಚ್ಚಗೆ ಇರ್ತಾನೆ ಬಿಡು’ ಅಂದ. ‘ಬೆಂಕಿ ಬಿದ್ದು ಸೈರನ್ ಕೂಗಿದ್ರೆ ಅವನು ಕುರ್ಚೀಲಿ ಕೂತಿರ್ತಾನಾ? ಎದೆ ಮುಟ್ಟಿಕೊಂಡು ಹೇಳು’ ಅಂದೆ. ಹೋದ ಜನವರಿಯಲ್ಲಿ ನೀನು ಇಳಿಜಾರಿನ ನಡುವೆ ಬೂದಿ ಡಬ್ಬದ ಪಕ್ಕದಲ್ಲೇ ಕುಸಿದಾಗ ನಿನ್ನನ್ನು ಎತ್ತಿದವರಲ್ಲಿ ಥ್ಯಾಡ್ ಕೂಡ ಒಬ್ಬ. ಗಣಿಯ ದೂಳು, ಬೆಂಕಿಯ ಹೊಗೆ ಎರಡೂ ಕುಡಿದ ಶ್ವಾಸಕೋಶ ಇದು, ಇಲ್ಲಿಯ ಇನ್ನೊಂದು ಚಳಿಗಾಲವನ್ನು ತಡೆಯುವುದಿಲ್ಲ ಅಂತ ಡಾಕ್ಟರು ಹೇಳಿದಾಗಲೂ ಅವನು ಅಲ್ಲೇ ಇದ್ದ. ಅದನ್ನೂ ನೆನಪಿಸಿದೆ. ‘ಡಾಕ್ಟ್ರು ಹಂಗೇ ಅಂತಾರೆ’ ಅಂದ. ಹೋಗುವಾಗ ಇನ್ನೊಂದು ಮಾತು ಸೇರಿಸಿದ. ನಾನು ನಿನಗೆ ಬರೆಯುವ ಈ ಕಾಗದ ಇಡೀ ಊರಿನದಂತೆ. ನಾಳೆ ಬುಧವಾರ ಅಗ್ನಿಶಾಮಕ ದಳದ ಫೈರ್ ಹಾಲಿನಲ್ಲಿ ಪಿರೋಗಿ ಕಡುಬು ಮಾಡಲು ಎಲ್ಲರೂ ಸೇರುತ್ತಾರಲ್ಲ, ಅವರ ಮುಂದೆ ಓದಿ ಆಮೇಲೆ ಅಂಚೆಗೆ ಹಾಕಬೇಕಂತೆ. ಆಗಲಿ ಅಂದೆ. ಜಗಳ ಮಾಡುವ ತ್ರಾಣ ನನ್ನಲ್ಲಿಲ್ಲ. ಥ್ಯಾಡ್, ಈ ಸಾಲು ಓದುವಾಗ ನೀನೂ ಕೇಳಿಸಿಕೊಳ್ಳುತ್ತಿದ್ದೀಯ ಅಂತ ನನಗೆ ಗೊತ್ತು.

ಅವರವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಫೈರ್ ಹಾಲಿನ ಅಡುಗೆಮನೆ ಆಳುವ ಲೊರೇನ್ ವಾಸ್ಕೊ ಹೇಳಿದ್ದು: ‘ಬಂದ್ಬಿಡು ಅನ್ನು. ಮೊದಲ್ನೇ ಬಾಣಲೆ ಆಲೂಗಡ್ಡೆ ಬ್ಲೀನಿ ಅವನಿಗೇ, ಪಾದ್ರಿ ಬಂದು ಕಾದ್ರೂ ಸರಿ.’ ನೀನಿಲ್ಲದೆ ಆಲೂಗಡ್ಡೆ ತುರಿಯುವ ಯಂತ್ರ ಕೈಕೊಟ್ಟಿದೆ, ಕೈಯಲ್ಲೇ ತುರಿದು ಎಲ್ಲರ ಬೆರಳೂ ಗಾಯ. ಸೈರನ್ ಕೂಗಿದರೆ ಈಗ ಓಡಿ ಬರುವವರು ಥ್ಯಾಡ್ ಮತ್ತು ಲೊರೇನಳ ಅಳಿಯ ಗ್ಯಾರಿ. ಉಳಿದವರು ಬಂದು ನೋಡಿಕೊಂಡು ಹೋಗುತ್ತಾರೆ. ಇಳಿಜಾರಿನ ತುದಿಯ ಮನೆಯ ವೆರೋನಿಕಾ ಯಾನಿಕ್ ಅಜ್ಜಿಯಂತೂ ನೀನು ಹೋಗಿದ್ದೀಯ ಅಂತಲೇ ಒಪ್ಪುವುದಿಲ್ಲ. ‘ಅವ್ನು ಎಲ್ಲೂ ಹೋಗಿಲ್ಲ ಕಣೆ. ಇನ್ನೂ ಐಸ್ ಬಿದ್ದಿಲ್ಲ, ಅದಕ್ಕೆ ಬಂದಿಲ್ಲ’ ಅನ್ನುತ್ತಾಳೆ. ಈ ಮಾತು ಕೇಳಿ ಬಂದು ಅವತ್ತು ನಾನು ಊಟ ಮಾಡಲಿಲ್ಲ.

ಅವಳನ್ನು ಏಕೆ ದೂರಲಿ? ಚಳಿ ಶುರುವಾದದ್ದೇ ತಡ, ಇಳಿಜಾರಿನ ಎರಡೂ ಬದಿಯ ಮನೆಯವರು ಒಲೆಯ ಬೂದಿಯನ್ನು ಡಬ್ಬಕ್ಕೆ ತುಂಬಿ ಹೊರಗೆ ಇಟ್ಟಿದ್ದಾರೆ. ನೀನು ಬೆಳಗಾಗುವ ಮೊದಲೇ ಒಂದೊಂದನ್ನೂ ಎತ್ತಿ, ಐಸಿನ ಮೇಲೆ ಯಾರೂ ಜಾರದಿರಲೆಂದು ದಾರಿಗೆ ಚೆಲ್ಲುತ್ತ ಮೇಲೆ ಹೋಗುತ್ತಿದ್ದೆಯಲ್ಲ, ಆ ಅಭ್ಯಾಸ. ಈಗ ಎತ್ತುವವರಿಲ್ಲ. ಡಬ್ಬ ತುಂಬಿ ಗಾಳಿಗೆ ಹಾರಿದ ಬೂದಿ ನನ್ನ ಪರದೆಗಳ ಮೇಲೆ ಕೂತಿದೆ. ತೆಗೆದು ಒಳಗೆ ಇಡಿ ಅಂದರೆ, ‘ಎಮಿಲ್ ಬಂದ್ರೆ ಬೇಕಾಗುತ್ತೆ’ ಅನ್ನುತ್ತಾರೆ. ಅಂಗಿ ಕಾರ್ಖಾನೆ ಮುಚ್ಚಿತು, ಶಾಲೆ ಮುಚ್ಚಿತು, ಮೂರು ಚರ್ಚು ಒಂದಾಯಿತು. ಎಲ್ಲವನ್ನೂ ಇವರು ಗೊಣಗುತ್ತ ಸಹಿಸಿಕೊಂಡರು, ನೀನು ಹೋದದ್ದನ್ನು ಮಾತ್ರ ನಂಬಲು ತಯಾರಿಲ್ಲ. ಒಳ್ಳೆಯ ಜನವೇ, ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಮೇಲೆ ಪ್ರೀತಿಯೂ ಇದೆ, ನೀನಿರುವ ಅಭ್ಯಾಸವೂ ಇದೆ. ಎರಡರಲ್ಲಿ ಯಾವುದು ಎಷ್ಟು ಅಂತ ಅವರಿಗೇ ತಿಳಿಯದು.

ಇಷ್ಟು ಬರೆಯುವಷ್ಟರಲ್ಲಿ ಕೈ ಸೋತಿತು. ಊಟ ಬಿಡಬೇಡ, ಪೌಲಾ ಕೊಡುವ ಔಷಧಿಯನ್ನು ಗಿಡಕ್ಕೆ ಸುರಿಯಬೇಡ, ನಿನ್ನ ಹಳೆಯ ಚಾಳಿ ನನಗೆ ಗೊತ್ತಿದೆ. ಅವಳಿಗೂ ಮಕ್ಕಳಿಗೂ ನನ್ನ ಮುತ್ತು. ಮೇರಿಯಮ್ಮ ನಿನ್ನ ಎದೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಕ್ಕ,
ಬರ್ನಡೀನ್

ಮರೆತ ಮಾತು: ಬುಧವಾರ ಮಧ್ಯಾಹ್ನ, ಅಂಚೆ ಕಚೇರಿಯ ಕಟ್ಟೆಗೆ ಒರಗಿ ನಿಂತೇ ಬರೆಯುತ್ತಿದ್ದೇನೆ. ಇಲ್ಲಿಯವರೆಗಿನದನ್ನು ಎಲ್ಲರ ಮುಂದೆ ಓದಿಯಾಯಿತು. ಲೊರೇನ್ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಥ್ಯಾಡ್, ‘ಚೆನ್ನಾಗಿ ಬರ್ದಿದೀಯ, ಇದನ್ನ ಓದಿದ್ರೆ ಬಂದೇ ಬರ್ತಾನೆ’ ಅಂದ. ಆ ಮಾತಿಗೇ ನನಗೆ ಭಯವಾದದ್ದು. ಇನ್ನು ಮುಂದಿನದು ಊರಿನದಲ್ಲ, ನನ್ನದು.

ಬರಬೇಡ ಎಮಿಲ್. ಮತಗಟ್ಟೆಯಲ್ಲಿ ಆ ಖಾಲಿ ಸಾಲಿನ ಮೇಲೆ ನನ್ನ ಪೆನ್ಸಿಲೂ ನಿಂತಿತ್ತು. ನೀನಿಲ್ಲದೆ ನನಗೆ ಇಲ್ಲಿ ತುಂಬಾ ಬೇಸರ. ಮಾತಾಡಲು ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಆದರೂ ಬರೆಯಲಿಲ್ಲ, ಖಾಲಿ ಚೀಟಿಯನ್ನೇ ಹಾಕಿ ಬಂದೆ. ನಿನ್ನನ್ನು ಕರೆಸಿಕೊಂಡು ಮಾರ್ಚ್ ತಿಂಗಳಿಗೆ ಮಣ್ಣು ಮಾಡುವ ಶಕ್ತಿ ನನಗಿಲ್ಲ. ಅರವತ್ತು ದಾಟಿದರೂ ನಿನ್ನ ಬಾಯಿಂದ ಒಬ್ಬರಿಗೂ ‘ಇಲ್ಲ’ ಅಂದದ್ದು ನಾನು ಕೇಳಿಲ್ಲ. ಒಂದು ಸಲ ಅನ್ನು. ‘ಮೇಯರ್ ಕೆಲಸ ನನಗೆ ಬೇಡ, ನಾನು ಬರುವುದಿಲ್ಲ’ ಅಂತ ಒಂದೇ ಸಾಲು, ನನಗಲ್ಲ, ಥ್ಯಾಡ್‌ಗೆ ಕಳಿಸು. ಆಮೇಲೆ ಊರಸಭೆಯವರೇ ಯಾರನ್ನಾದರೂ ನೇಮಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಹೂಂ ಅನ್ನುತ್ತೇನೆ. ಕುರ್ಚಿಯಲ್ಲಿ ಕೂರುವ ಕೆಲಸ ತಾನೇ, ಥ್ಯಾಡೇ ಹೇಳಿದ್ದಾನೆ.

ಇವತ್ತು ಬೆಳಿಗ್ಗೆ ಮೊದಲ ಐಸ್ ಬಿತ್ತು. ಅಜ್ಜಿ ಯಾನಿಕ್ ಊರುಗೋಲು ಹಿಡಿದು ಬಾಗಿಲಲ್ಲಿ ನಿನಗಾಗಿ ಕಾಯುತ್ತಿದ್ದಳು. ನೋಡಲಾರದೆ ನನ್ನ ಡಬ್ಬದ ಬೂದಿಯನ್ನು ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಸುರಿದುಕೊಂಡು ದಾರಿಗೆ ಚೆಲ್ಲುತ್ತ ಹೊರಟೆ. ಅರ್ಧ ದಾರಿಯಲ್ಲಿ ಗ್ಯಾರಿ ಕಾರು ನಿಲ್ಲಿಸಿ, ‘ಏನ್ ಮಾಡ್ತಿದೀರಾ ನೀವು?’ ಅಂದ. ‘ಕಾಣ್ಸಲ್ವಾ?’ ಅಂದೆ. ಬೈದುಕೊಳ್ಳುತ್ತಲೇ ಇಳಿದು ಬಂದು ಬಕೆಟ್ ಕಿತ್ತುಕೊಂಡ, ಉಳಿದ ಡಬ್ಬಗಳನ್ನು ಅವನೇ ಎತ್ತಿದ. ನೀನು ಚೆಲ್ಲುವಷ್ಟು ಸಮವಾಗಿ ಬೀಳಲಿಲ್ಲ, ಅಲ್ಲಲ್ಲಿ ಗುಡ್ಡೆಯಾಯಿತು. ಆದರೆ ಯಾರೂ ಜಾರಿ ಬೀಳಲಿಲ್ಲ.