ಹಸಿರು ಲೇಬಲ್ಲಿನ ರೆಕಾರ್ಡು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ತೋಳಿನ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ನಾನು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಯಥಾಪ್ರಕಾರ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಕೈತುಂಬ ಇದೆ, ಬೆನ್ನು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ಮುಂದಿನ ತಿಂಗಳು ನೀನು ಬರುವ ಹೊತ್ತಿಗೆ ಎಲ್ಲ ಮುಗಿಸಿ ಹಾಯಾಗಿರಬೇಕೆಂದು ಹಟ ಹಿಡಿದಿದ್ದೇನೆ. ನಿನ್ನ ರೆಕಾರ್ಡುಗಳೂ ಕ್ಷೇಮ. ತಂಗಿಗಿಂತ ಮೊದಲು ಅವುಗಳ ಯೋಗಕ್ಷೇಮ ವಿಚಾರಿಸುವವನು ನೀನು, ಅದಕ್ಕೇ ಬೇಕೆಂದೇ ಕೊನೆಗೆ ಬರೆದೆ.

ನೀನು ಬಂದರು ಬಂದರಿನಲ್ಲಿ ಇಳಿದು ಹುಡುಕಿ ಸೋತಿದ್ದ ಆ ಹಸಿರು ಲೇಬಲ್ಲಿನ ಒಂದೇ ಹಾಡಿನ ರೆಕಾರ್ಡು ಸಿಕ್ಕಿತು. ನಾವು ಹುಟ್ಟುವ ಮೊದಲೇ ಬಾಗಿಲು ಹಾಕಿಕೊಂಡ ಕಂಪನಿಯದು, ಮಾರಾಟವಾಗದ ಪ್ರತಿಗಳನ್ನೆಲ್ಲ ಕರಗಿಸಿಬಿಟ್ಟರು ಎಂದು ಕೊರಗುತ್ತಿದ್ದೆಯಲ್ಲ, ಅದೇ. ಹಳೆ ರೆಕಾರ್ಡು ಮಾರುವ ನಿನ್ನ ಗೆಳೆಯ ಸೋಡಾಬುಡ್ಡಿ ತಾನೇ ತಂದುಕೊಟ್ಟ. ಅಪರೂಪದ ಮಾಲು ತಂದವನ ಜಂಬವೇ ಅವನ ಮುಖದಲ್ಲಿರಲಿಲ್ಲ. ಪೀಡೆ ತೊಲಗಿತು ಎಂಬಂತೆ, ನೀರು ಕೂಡ ಕುಡಿಯದೆ ಹೊರಟುಹೋದ.

ಹೊಸದಾಗಿ ಬಂದ ರೆಕಾರ್ಡನ್ನು ಅಂದೇ ಹಾಕಬೇಕು, ಹಾಡು ಮುಗಿದ ಮೇಲೂ ಕೊನೆಯ ಖಾಲಿ ಗೀರಿನಲ್ಲಿ ಮುಳ್ಳು ಸುತ್ತುತ್ತಲೇ ಇರಬೇಕು ಎಂಬುದು ನಿನ್ನ ಕಟ್ಟಳೆ. "ಹಾಡಿದವರು ಇನ್ನೂ ಕೋಣೆಯಿಂದ ಎದ್ದು ಹೋಗಿರಲ್ಲ ಕಣೇ, ಮುಖದ ಮೇಲೆ ಬಾಗಿಲು ಹಾಕಬಾರದು" ಎನ್ನುತ್ತಿದ್ದೆ. ಹಾಗಾಗಿ ಮಹಡಿಯ ನಿನ್ನ ಕೋಣೆಯಲ್ಲಿ ಶಿಸ್ತಾಗಿ ಕೂತು ಕೇಳಿದೆ. ಹಾಡೇನೂ ಅಂಥಾದ್ದಲ್ಲ. ಒಬ್ಬ ಹುಡುಗಿ ಯಾರನ್ನೋ ಕಾಯುತ್ತಾಳೆ, ಅವನು ಬರುವುದಿಲ್ಲ, ನಡುನಡುವೆ ಗಿಟಾರು ಅಳುತ್ತದೆ. ಇದಕ್ಕಾಗಿಯೇ ಇಷ್ಟು ವರ್ಷ ಒದ್ದಾಡಿದೆಯಾ ಎಂದು ನಗು ಬಂತು.

ಹಾಡು ಮುಗಿಯಿತು. ಚರಚರ ಸದ್ದಿನೊಳಗಿಂದ ಹೊಲಿಗೆ ಯಂತ್ರ ಕೇಳಿಸಿತು. ನನ್ನದೇ ಯಂತ್ರ, ಸುತ್ತಿಗೊಮ್ಮೆ ಕೀ ಎನ್ನುತ್ತದಲ್ಲ, ಅದೇ. ಆಮೇಲೆ ನಮ್ಮ ಮುಂಬಾಗಿಲು ತೆರೆಯಿತು. ನೀನು ಮನೆಗೆ ಬಂದಾಗ ಹಾಕುವ ಸಿಳ್ಳೆ, ಒಂದು ಉದ್ದ, ಒಂದು ಗಿಡ್ಡ. ಯಂತ್ರ ನಿಂತಿತು. "ಬಂದ್ಯಾ ಅಣ್ಣ?" ಎಂದ ದನಿ ನನ್ನದು. ಹೆಜ್ಜೆಗಳು ಮೆಟ್ಟಿಲೇರತೊಡಗಿದವು. ನಡುವಿನ ಆ ಸಡಿಲ ಹಲಗೆ ಲಟಕ್ಕೆಂದು ಮುರಿಯಿತು, ಯಾರೋ ಉರುಳಿ ಬಿದ್ದ ಸದ್ದಾಯಿತು. ಮತ್ತೆ ಬರೀ ಚರಚರ.

ಮುಂದಿನ ತಿಂಗಳು ನೀನು ಬಂದಾಗ ಆಗುವುದನ್ನೇ ಕೇಳಿದೆ ಅನ್ನಿಸಿತು. ಸೋಡಾಬುಡ್ಡಿಯ ಅಂಗಡಿಗೆ ಓಡಿದೆ. ಅವನು ತಲೆಯೆತ್ತದೆ, "ನಮ್ಮನೇಲಿ ಹಾಕ್ದಾಗ ನಮ್ಮಪ್ಪ ಮೆಟ್ಟಿಲ ಹತ್ರ ಕೆಮ್ಮಿದ್ರು. ಅಪ್ಪ ಆಗ ನನ್ ಪಕ್ಕದಲ್ಲೇ ಕೂತಿದ್ರು" ಎಂದ. ಪುಕ್ಕಟೆ ಕೊಟ್ಟರೂ ವಾಪಸ್ ಮಾತ್ರ ತೆಗೆದುಕೊಳ್ಳುವುದಿಲ್ಲವಂತೆ. ಅವನನ್ನು ಬೈದುಕೊಂಡು ನೇರ ಬಡಗಿಯ ಹತ್ತಿರ ಹೋದೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ನನ್ನವನು ಅಂತ ಇರುವುದು ನೀನೊಬ್ಬನೇ. ಒಂದು ಮುರುಕು ಹಲಗೆಗೆ ನಿನ್ನನ್ನು ಬಿಟ್ಟುಕೊಡುತ್ತೇನೆಯೇ?

ಹೊಸ ಹಲಗೆ ಕೂತ ಮೇಲೆ ಮತ್ತೆ ರೆಕಾರ್ಡು ಹಾಕಿದೆ. ಬಾಗಿಲು, ಸಿಳ್ಳೆ, ನನ್ನ ದನಿ, ಎಲ್ಲ ಹಾಗೆಯೇ. ಆದರೆ ಈ ಸಲ ಹಲಗೆ ಮುರಿಯಲಿಲ್ಲ. ಹೆಜ್ಜೆಗಳು ಮೇಲಿನವರೆಗೂ ಬಂದವು, ನಿನ್ನ ಕೋಣೆಯ ಬಾಗಿಲು ತೆರೆಯಿತು. ನಾನು ಅತ್ತೇಬಿಟ್ಟೆ ಅಣ್ಣ. ಇನ್ನು ಕೇಳುವುದೇನಿದೆ ಎಂದು ಮೊದಲ ಸಲ ನಿನ್ನ ಕಟ್ಟಳೆ ಮೀರಿ ಅಲ್ಲಿಗೇ ಮುಳ್ಳು ಎತ್ತಿದೆ.

ಮೈ ನೋಡಿಕೋ. ಎಂಜಿನ್ನಿಗೆ ಎಣ್ಣೆ ಹಾಕುವಾಗಿನ ಅಕ್ಕರೆಯಲ್ಲಿ ಕಾಲು ಪಾಲನ್ನಾದರೂ ನಿನ್ನ ತಲೆಗೂದಲಿಗೆ ತೋರಿಸು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಕಾಲರ್ ಮುಗಿಸೋಣವೆಂದು ಯಂತ್ರದ ಮುಂದೆ ಕೂತಿದ್ದೆ. ಮುಂಬಾಗಿಲು ತೆರೆದ ಸದ್ದಾಯಿತು, ಸಿಳ್ಳೆ ಕೇಳಿತು. ಬೇಗ ಬಂದುಬಿಟ್ಟೆಯಲ್ಲ ಎಂಬ ಖುಷಿಯಲ್ಲಿ ತಿರುಗಿಯೂ ನೋಡದೆ "ಬಂದ್ಯಾ ಅಣ್ಣ?" ಅಂದುಬಿಟ್ಟೆ. ಹೆಜ್ಜೆಗಳು ಮೇಲೆ ಹತ್ತಿಹೋದವು. ಹೋಗಿ ನೋಡಿದರೆ ಹೊಸ್ತಿಲಲ್ಲಿ ನಿನ್ನ ಬೂಟುಗಳಿಲ್ಲ. ಬೆಳಿಗ್ಗೆ ನಾನು ಒಳಗಿನಿಂದ ಹಾಕಿದ ಅಗಳಿ ಹಾಗೆಯೇ ಇದೆ. ಅಣ್ಣ, ರೆಕಾರ್ಡಿನಲ್ಲಿ ಬಿದ್ದದ್ದು ನೀನಲ್ಲ, ನಿನ್ನಂತೆ ಸಿಳ್ಳೆ ಹಾಕುವ ಬೇರೇನೋ. ಹಲಗೆಯನ್ನು ಹಾಗೇ ಬಿಟ್ಟಿದ್ದರೆ ಅದು ಮೇಲೆ ಮುಟ್ಟುತ್ತಿರಲಿಲ್ಲ. ಈಗ ನಿನ್ನ ಕೋಣೆಯಲ್ಲಿ ಹಾಡು ಶುರುವಾಗಿದೆ. ಹಿಂಬಾಗಿಲಿನಿಂದ ಹೊರಟು, ಇದನ್ನು ಅಂಚೆಗೆ ಹಾಕಿ ಸೋಡಾಬುಡ್ಡಿಯ ಮನೆಗೆ ಹೋಗುತ್ತೇನೆ. ನೀನೂ ನೇರ ಅಲ್ಲಿಗೇ ಬಾ, ಇಲ್ಲಿಗೆ ಬರಬೇಡ. ಬಂದಾಗ ಸಿಳ್ಳೆ ಹಾಕಬೇಡ, ನಾನು ಓಗೊಡುವುದಿಲ್ಲ. ಗುಬ್ಬಿ ಎಂದು ಕೂಗು. ಅದಕ್ಕೆ ಇನ್ನೂ ಆ ಹೆಸರು ಗೊತ್ತಿಲ್ಲ.